ಸದ್ದಿಗೆ ಸೆಟೆದುಕೊಳ್ಳುವ ಕೂಸು

ಪ್ರಶ್ನೆ: ಮೊಮ್ಮಗಳಿಗೆ ಮೂರು ತಿಂಗಳು. ಲೋಟ ಬಿದ್ದರೂ, ಮುಖ ಮುಟ್ಟಿದರೂ ಬೆಚ್ಚಿಬಿದ್ದು ಮೈಯೆಲ್ಲ ಸೆಟೆದುಕೊಳ್ಳುತ್ತಾಳೆ. ನಿದ್ದೆ ಹತ್ತಿದರೆ ಸಡಿಲವಾಗುತ್ತಾಳೆ. ದೃಷ್ಟಿ ತೆಗೆದೆವು, ತಾಯಿತ ಕಟ್ಟಿಸಿದೆವು. ಕೆಲವರು ಫಿಟ್ಸ್ ಅನ್ನುತ್ತಾರೆ. ಏನಿರಬಹುದು?
– ಓದುಗರೊಬ್ಬರು, ಸೇಲಂ ಜಿಲ್ಲೆ

ಉತ್ತರ: ಅಮ್ಮಾ, ಎಳೆಕೂಸು ಸದ್ದಿಗೆ ಕೈ ಅಗಲಿಸಿ ಬೆಚ್ಚುವುದು ಸಹಜ. ನಾಲ್ಕರಿಂದ ಆರು ತಿಂಗಳಿಗೆ ಅದು ತಾನಾಗಿ ಹೋಗುತ್ತದೆ. ನೀವು ಬರೆದಿರುವುದು ಅದಲ್ಲ. ಎಚ್ಚರದಲ್ಲಿ ಸೆಟೆದು ನಿದ್ದೆಯಲ್ಲಿ ಸಡಿಲವಾಗುವ ಮಗುವಿಗೆ ಹೈಪರ್‌ಎಕ್‌ಪ್ಲೆಕ್ಸಿಯಾ ಎಂಬ ಅಪರೂಪದ ಕಾಯಿಲೆ ಇರಬಹುದು. ನರಗಳ ಉದ್ರೇಕವನ್ನು ತಡೆಯುವ ಗ್ಲೈಸೀನ್ ಸರಿಯಾಗಿ ಕೆಲಸ ಮಾಡದಿದ್ದರೆ ಹೀಗಾಗುತ್ತದೆ. ಇದಕ್ಕೆ ಕಾರಣವಾಗುವ ಮುಖ್ಯ ಜೀನ್ ಪತ್ತೆಯಾದದ್ದು 1993ರಲ್ಲಿ.

ವೈದ್ಯರು ಬೆರಳಿನಿಂದ ಮೂಗಿನ ತುದಿಯನ್ನು ಮೆಲ್ಲಗೆ ತಟ್ಟಿ ನೋಡುತ್ತಾರೆ. ಬೇರೆ ಮಕ್ಕಳು ಒಂದೆರಡು ಸಲಕ್ಕೆ ಒಗ್ಗಿಕೊಳ್ಳುತ್ತಾರೆ, ಈ ಕಾಯಿಲೆಯ ಕೂಸು ಪ್ರತಿ ಸಲವೂ ತಲೆಯನ್ನು ಹಿಂದಕ್ಕೆ ಎಸೆಯುತ್ತದೆ. ಇಷ್ಟು ಸುಲಭದ ಪರೀಕ್ಷೆ ಎಷ್ಟೋ ಸಲ ಮರೆತುಹೋಗಿ, ಮಕ್ಕಳು ಫಿಟ್ಸಿನ ಔಷಧಿಗಳಲ್ಲೇ ಅಲೆಯುತ್ತಾರೆ. ಆದರೂ ಫಿಟ್ಸ್ ಅಲ್ಲವೆಂದು ಖಚಿತಪಡಿಸಿಕೊಳ್ಳಲು ಮೆದುಳಿನ ಪರೀಕ್ಷೆ ಇಇಜಿ ಬೇಕೇ ಬೇಕು. ಈ ವಯಸ್ಸಿನಲ್ಲೇ ಶುರುವಾಗುವ ಶಿಶುಸೆಳೆತ ಎಂಬ ಫಿಟ್ಸಿನಲ್ಲಿ ಮಗು ನಿದ್ದೆಯಿಂದ ಎದ್ದಾಗ ಸಾಲುಸಾಲಾಗಿ ಬಾಗಿ ಬಾಗಿ ಬೆಚ್ಚುತ್ತದೆ. ಅದಕ್ಕೆ ಚಿಕಿತ್ಸೆ ತಡವಾದರೆ ಬುದ್ಧಿಯ ಬೆಳವಣಿಗೆಗೇ ಪೆಟ್ಟು.

ಹೈಪರ್‌ಎಕ್‌ಪ್ಲೆಕ್ಸಿಯಾ ಎಂದು ಖಚಿತವಾದರೆ ಕ್ಲೊನಾಜೆಪಾಮ್ ಕೊಡುತ್ತಾರೆ, ಹೆಚ್ಚಿನ ಮಕ್ಕಳಿಗೆ ಹಿಡಿಸುತ್ತದೆ. ತೂಕ ನೋಡಿ ಪ್ರಮಾಣ ಹೇಳುವವರು ವೈದ್ಯರು. ತೂಕಡಿಸುತ್ತಾಳೆಂದು ನೀವೇ ನಿಲ್ಲಿಸಬೇಡಿ. ಸೆಟೆತ ಸಾಮಾನ್ಯವಾಗಿ ಮೊದಲ ಒಂದೆರಡು ವರ್ಷಗಳಲ್ಲಿ ಇಳಿಯುತ್ತದೆ. ಬೆಚ್ಚುವಿಕೆ ಉಳಿಯಬಹುದು, ನಡೆಯುವಾಗ ಬೀಳದಂತೆ ನೋಡಿಕೊಳ್ಳಬೇಕು.

ಮನೆಯವರೆಲ್ಲ ಕಲಿಯಬೇಕಾದದ್ದು ಒಂದಿದೆ. ಸೆಟೆತಕ್ಕೆ ಎದೆಯೂ ಬಿಗಿದು ಉಸಿರು ಕಟ್ಟಬಹುದು. ಆಗ ತಲೆಯನ್ನು ಮುಂದಕ್ಕೂ ಎರಡೂ ಕಾಲುಗಳನ್ನು ಹೊಟ್ಟೆಯತ್ತಲೂ ಮಡಿಸಿ ಕೂಸನ್ನು ಮುದುರಿ ಹಿಡಿಯಬೇಕು. ಇಟಲಿಯ ವೈದ್ಯ ವಿಜೇವಾನೊ ತೋರಿಸಿಕೊಟ್ಟ ಈ ಉಪಾಯದಿಂದ ಜೀವ ಉಳಿಯುತ್ತದೆ. ಹಿಡಿದುಕೊಂಡೇ 108ಕ್ಕೆ ಕರೆ ಮಾಡಿಸಿ.

ಮಗಳನ್ನು ಸೋದರಮಾವನಿಗೋ ಅತ್ತೆಯ ಮಗನಿಗೋ ಕೊಟ್ಟಿದ್ದರೆ ಸಂಕೋಚಪಡದೆ ವೈದ್ಯರಿಗೆ ಹೇಳಿ. ಸೇಲಂ, ಧರ್ಮಪುರಿ ಕಡೆ ಇಂಥ ಸಂಬಂಧ ಹೊಸದಲ್ಲ. ಹೀಗೆ ರಕ್ತಸಂಬಂಧಿಗಳಾದ ತಂದೆ ತಾಯಿ ಇಬ್ಬರೂ ದೋಷವಿರುವ ಒಂದೇ ಜೀನನ್ನು ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಅಪಾಯ. ಇದು ಯಾರ ತಪ್ಪೂ ಅಲ್ಲ, ಸೊಸೆಯನ್ನೋ ಮಗಳನ್ನೋ ಯಾರೂ ದೂರಬಾರದು.

ಬೆಚ್ಚುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿಕೊಂಡು ಸೇಲಮ್ಮಿನ ಮೋಹನ್ ಕುಮಾರಮಂಗಲಂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮಕ್ಕಳ ವಿಭಾಗಕ್ಕೆ ನಾಳೆಯೇ ಹೋಗಿ. ಒಮ್ಮೆಯಾದರೂ ಉಸಿರು ಕಟ್ಟಿದ್ದರೆ ನಾಳೆಗೂ ಕಾಯಬೇಡಿ, ಇಂದೇ ಹೊರಡಿ.