ಪಿಎಚ್.ಡಿ. ಅಧ್ಯಯನದಲ್ಲಿ ಪಾಠಕ್ರಮದ ಸ್ಥಾನ

ಮಾರ್ಗದರ್ಶಕರೊಬ್ಬರ ಬಳಿ ಹೆಸರು ನೋಂದಾಯಿಸಿ, ಕೆಲವು ವರ್ಷಗಳ ನಂತರ ಮಹಾಪ್ರಬಂಧ ಸಲ್ಲಿಸುವುದೇ ಪಿಎಚ್.ಡಿ. ಎಂಬ ತಿಳಿವಳಿಕೆ ಬಹುಕಾಲ ರೂಢಿಯಲ್ಲಿತ್ತು. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2009ರಲ್ಲಿ ಹೊರಡಿಸಿದ ವಿನಿಯಮಗಳು, ಸಂಶೋಧನೆಯ ಆರಂಭದಲ್ಲಿ ಕನಿಷ್ಠ ಒಂದು ಸೆಮಿಸ್ಟರ್ ಅವಧಿಯ ಪಾಠಕ್ರಮವನ್ನು ಕಡ್ಡಾಯಗೊಳಿಸಿದವು. ‘ಕೋರ್ಸ್‌ವರ್ಕ್’ ಎಂದು ವಾಡಿಕೆಯಲ್ಲಿರುವುದು ಇದೇ. 2016ರ ವಿನಿಯಮಗಳು ಇದರ ಪ್ರಮಾಣವನ್ನು 8ರಿಂದ 16 ಕ್ರೆಡಿಟ್‌ಗಳೆಂದು ಗೊತ್ತುಪಡಿಸಿದವು. 2022ರ ನವೆಂಬರ್‌ನಲ್ಲಿ ಪ್ರಕಟವಾದ ವಿನಿಯಮಗಳ ಪ್ರಕಾರ ಅದು ಕನಿಷ್ಠ 12 ಕ್ರೆಡಿಟ್‌ಗಳು.

ಪಾಠಕ್ರಮ ಏಕೆ ಬೇಕು?

ಸಂಶೋಧನೆಯಲ್ಲಿ ಮೊದಲ ಹೆಜ್ಜೆಯಲ್ಲಾದ ತಪ್ಪನ್ನು ಕೊನೆಯಲ್ಲಿ ತಿದ್ದುವುದು ಕಷ್ಟ. ಉದಾಹರಣೆಗೆ, ಮುಂಬಯಿಯ ರಾತ್ರಿಶಾಲೆಗಳಲ್ಲಿ ಓದಿದ ಕನ್ನಡಿಗರ ಜೀವನವನ್ನು ಒಬ್ಬ ವಿದ್ಯಾರ್ಥಿ ಅಧ್ಯಯನ ಮಾಡುತ್ತಾನೆಂದು ಭಾವಿಸೋಣ. ಮುಂದೆ ಉದ್ಯಮಿಗಳಾಗಿ, ಅಧಿಕಾರಿಗಳಾಗಿ ಹೆಸರು ಗಳಿಸಿದವರನ್ನು ಮಾತ್ರ ಆತ ಸಂದರ್ಶಿಸಿದರೆ, ರಾತ್ರಿಶಾಲೆಯಲ್ಲಿ ಓದಿದವರೆಲ್ಲರೂ ಏಳಿಗೆ ಹೊಂದಿದರೆಂಬ ತೀರ್ಮಾನಕ್ಕೆ ಬರುವುದು ಸಹಜ. ಹೋಟೆಲಿನ ದುಡಿಮೆಯ ಆಯಾಸದಿಂದ ಓದನ್ನು ನಡುವೆಯೇ ಬಿಟ್ಟವರು ಆ ಲೆಕ್ಕಕ್ಕೆ ಬರುವುದೇ ಇಲ್ಲ. ಮೂರು ವರ್ಷಗಳ ಶ್ರಮದ ನಂತರ ಪರೀಕ್ಷಕರು ಈ ಕೊರತೆಯನ್ನು ಎತ್ತಿ ತೋರಿಸಿದರೆ ಫಲವೇನು? ಯಾರನ್ನು, ಎಷ್ಟು ಮಂದಿಯನ್ನು, ಯಾವ ಆಧಾರದ ಮೇಲೆ ಆಯ್ಕೆ ಮಾಡಬೇಕೆಂಬುದನ್ನು ಮೊದಲೇ ಕಲಿಸುವುದು ಪಾಠಕ್ರಮದ ಮುಖ್ಯ ಉದ್ದೇಶ.

ಅದರಲ್ಲಿ ಏನೇನು ಇರುತ್ತದೆ?

ಸಂಶೋಧನಾ ವಿಧಾನವನ್ನು ಕುರಿತ ಪಾಠ ಎಲ್ಲರಿಗೂ ಕಡ್ಡಾಯ. ಸಂಶೋಧನೆ ಮತ್ತು ಪ್ರಕಟಣೆಯ ನೀತಿಯನ್ನು ಕುರಿತ 2 ಕ್ರೆಡಿಟ್‌ಗಳ ಪಾಠವನ್ನು ಆಯೋಗವು 2019ರಲ್ಲಿ ಸೇರಿಸಿತು. 30 ಗಂಟೆಗಳ ಈ ಪಾಠದಲ್ಲಿ ಕೃತಿಚೌರ್ಯ, ಅಂಕಿಅಂಶಗಳ ತಿರುಚುವಿಕೆ, ನಂಬಲರ್ಹವಲ್ಲದ ಪತ್ರಿಕೆಗಳು ಮೊದಲಾದವುಗಳ ಬಗ್ಗೆ ಎಚ್ಚರಿಕೆ ನೀಡಲಾಗುತ್ತದೆ. ಆಯೋಗದ ಮನ್ನಣೆ ಪಡೆದ ಆನ್‌ಲೈನ್ ಪಾಠಗಳನ್ನೂ ಸಂಶೋಧನಾ ಸಲಹಾ ಸಮಿತಿಯು ಸೂಚಿಸಬಹುದು. ಇದಲ್ಲದೆ, ಸಂಶೋಧನೆಯ ಅವಧಿಯಲ್ಲಿ ಬೋಧನೆ ಮತ್ತು ಬರವಣಿಗೆಯಲ್ಲಿ ತರಬೇತಿ ಪಡೆಯಬೇಕಾಗುತ್ತದೆ.

ಗಮನದಲ್ಲಿಡಬೇಕಾದ ಅಂಶಗಳು

ಪಾಠಕ್ರಮದಲ್ಲಿ ಕನಿಷ್ಠ ಶೇ. 55 ಅಂಕ ಅಥವಾ ಅದಕ್ಕೆ ಸಮನಾದ ಶ್ರೇಣಿ ಪಡೆದವರು ಮಾತ್ರ ಅಧ್ಯಯನ ಮುಂದುವರಿಸಿ ಮಹಾಪ್ರಬಂಧ ಸಲ್ಲಿಸಲು ಅರ್ಹರು. ವಿಷಯದಲ್ಲಿ ಎಷ್ಟೇ ಪಾಂಡಿತ್ಯವಿದ್ದರೂ ಈ ನಿಯಮಕ್ಕೆ ವಿನಾಯಿತಿಯಿಲ್ಲ. ಪಿಎಚ್.ಡಿ.ಯ ಕನಿಷ್ಠ ಮೂರು ವರ್ಷಗಳ ಅವಧಿಯಲ್ಲಿ ಪಾಠಕ್ರಮದ ಕಾಲವೂ ಸೇರಿರುತ್ತದೆ.

ಉದ್ಯೋಗದಲ್ಲಿದ್ದುಕೊಂಡು ಅರೆಕಾಲಿಕವಾಗಿ ಸಂಶೋಧನೆ ಮಾಡಬಯಸುವವರು ತಮ್ಮ ಸಂಸ್ಥೆಯಿಂದ ನಿರಾಕ್ಷೇಪಣಾ ಪತ್ರ ತರಬೇಕು. ಅಗತ್ಯಬಿದ್ದರೆ ಪಾಠಕ್ರಮಕ್ಕಾಗಿ ನೌಕರನನ್ನು ಕರ್ತವ್ಯದಿಂದ ಬಿಡುಗಡೆ ಮಾಡುವುದಾಗಿ ಆ ಪತ್ರದಲ್ಲಿ ಸ್ಪಷ್ಟವಾಗಿ ನಮೂದಿಸಿರಬೇಕು.

ಮುಂಬಯಿ, ಮದರಾಸು ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳಲ್ಲಿ ಸಂಶೋಧನೆಗೆ ತೊಡಗುವವರಿಗೂ, ಪುಣೆ, ಹೈದರಾಬಾದು, ದೆಹಲಿಗಳಲ್ಲಿ ಬೇರೆ ವಿಷಯಗಳನ್ನು ಆರಿಸಿಕೊಳ್ಳುವವರಿಗೂ ಈ ಕನಿಷ್ಠ ಮಾನದಂಡಗಳು ಸಮಾನ. ಆದರೆ ತರಗತಿಯ ವೇಳೆ, ಹಾಜರಾತಿ ಮತ್ತು ಮರುಪರೀಕ್ಷೆಯ ನಿಯಮಗಳು ಒಂದೊಂದು ವಿಶ್ವವಿದ್ಯಾಲಯದಲ್ಲಿ ಒಂದೊಂದು ರೀತಿ ಇರಬಹುದು. ಪ್ರವೇಶಕ್ಕೆ ಮುನ್ನವೇ ಇವುಗಳನ್ನು ಲಿಖಿತವಾಗಿ ತಿಳಿದುಕೊಳ್ಳುವುದು ಒಳ್ಳೆಯದು. ತಳಪಾಯ ಗಟ್ಟಿಯಾಗಿದ್ದರೆ ಮಾತ್ರ ಅದರ ಮೇಲೆ ಕಟ್ಟಿದ ಮಹಾಪ್ರಬಂಧವು ಪರೀಕ್ಷಕರ ಪ್ರಶ್ನೆಗಳನ್ನು ಎದುರಿಸಿ ನಿಲ್ಲಬಲ್ಲದು.