ಮರದ ಮೇಲೆ ಬಳಸುವ ಸಣ್ಣ ಚೈನ್‌ಸಾ: ಯಾವುದು ತಗೋಬೇಕು, ಯಾರು ತಗೋಬಾರದು?

ಮುಂಗಾರಿಗೆ ಮೊದಲು ಮರಗಸಿ ಮುಗಿಸಬೇಕು, ಕತ್ತಿ ಹಿಡಿದು ಮರ ಹತ್ತುವವರು ಸಿಗುತ್ತಿಲ್ಲ. ಕಾಫಿ ಸೀಮೆಯಲ್ಲಿ ಎಲ್ಲರದ್ದೂ ಇದೇ ಮಾತು. ಅಷ್ಟರಲ್ಲಿ ಮೊಬೈಲ್ ತೆಗೆದರೆ ಒಂದು ಕೈಯಲ್ಲಿ ಹಿಡಿಯುವಷ್ಟು ಪುಟ್ಟ ಚೈನ್‌ಸಾ ಕಣ್ಣಿಗೆ ಬೀಳುತ್ತದೆ. ಹಿಡಿ ಮೇಲೆ ಇದೆ, ತೂಕ ಕಡಿಮೆ, ಬೆಲೆಯೂ ಕಡಿಮೆ. "ಇದನ್ನೇ ತಗೊಂಡ್ರೆ ನಾವೇ ಹತ್ತಿ ಕೊಯ್ಕೋಬಹುದಲ್ವಾ?" ಅಂತ ಅನ್ನಿಸೋದು ಸಹಜ.

ತಗೊಳ್ಳುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿಕೊಳ್ಳಿ: ಕೊಯ್ಯುವಾಗ ನಿಮ್ಮ ಕಾಲು ಎಲ್ಲಿರುತ್ತದೆ? ನೆಲದ ಮೇಲೋ, ಏಣಿಯ ಮೇಲೋ, ಹಗ್ಗ-ಬೆಲ್ಟ್ ಕಟ್ಟಿಕೊಂಡು ಮರದ ಮೇಲೋ? ಸಿಸಿ, ಬಾರ್ ಉದ್ದ, ಕಂಪನಿ ಎಲ್ಲ ಆಮೇಲಿನ ಮಾತು.

ಮೇಲೆ ಹಿಡಿ ಯಾಕೆ ಇದೆ?

ಸಾಮಾನ್ಯ ಚೈನ್‌ಸಾದಲ್ಲಿ ಎಕ್ಸಲರೇಟರ್ ಇರುವ ಹಿಡಿ ಹಿಂದೆ ಇರುತ್ತದೆ. ಎರಡು ಕೈಗಳ ನಡುವೆ ಒಳ್ಳೆ ಅಂತರ ಇರೋದರಿಂದ ಮೆಷಿನ್ ಎಗರಿದರೂ ತಡೆಯಲು ಹಿಡಿತ ಸಿಗುತ್ತದೆ. ಟಾಪ್ ಹ್ಯಾಂಡಲ್ ಮೆಷಿನ್‌ನಲ್ಲಿ ಆ ಹಿಡಿ ಎಂಜಿನ್ ಮೇಲೆಯೇ ಬಂದು ಕೂತಿದೆ. ಕೊಂಬೆಗಳ ಸಂದಿಯಲ್ಲಿ ಎದೆಯ ಹತ್ತಿರ ಹಿಡಿದು ಕೊಯ್ಯಲು ಇದು ಅನುಕೂಲ. ಆದರೆ ಎರಡು ಕೈಗಳೂ ಹತ್ತಿರ ಹತ್ತಿರ ಇರುವುದರಿಂದ ಎಗರಿದರೆ ತಡೆಯೋದು ಕಷ್ಟ.

ಎಗರೋದು ಅಂದರೆ ಕಿಕ್‌ಬ್ಯಾಕ್. ಬಾರ್‌ನ ತುದಿಯ ಮೇಲ್ಭಾಗ ಗಟ್ಟಿ ಕೊಂಬೆಗೆ ತಗುಲಿದರೆ, ಓಡುತ್ತಿರುವ ಚೈನು ಇಡೀ ಬಾರನ್ನು ಮೇಲಕ್ಕೆ, ನಿಮ್ಮ ಮುಖ-ಕುತ್ತಿಗೆ ಕಡೆಗೆ ಎಸೆಯುತ್ತದೆ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಸಿಗುವುದಿಲ್ಲ. ಕೊಂಬೆಗಳು ದಟ್ಟವಾಗಿರುವ ಕಡೆ ಬಾರ್ ತುದಿ ಯಾವುದಕ್ಕೆ ತಾಗುತ್ತದೆ ಅಂತ ಕಾಣುವುದೂ ಇಲ್ಲ. ಒಂದೇ ಕೈಯಲ್ಲಿ ಹಿಡಿದಿದ್ದರೆ ಕಥೆ ಮುಗಿಯಿತು.

ಅದಕ್ಕೇ ಈ ಮೆಷಿನ್‌ಗಳ ಮ್ಯಾನುಯಲ್‌ನಲ್ಲಿ ತರಬೇತಿ ಪಡೆದವರು ಮಾತ್ರ, ಮರದ ಮೇಲಿನ ಕೆಲಸಕ್ಕೆ ಮಾತ್ರ ಬಳಸಬೇಕು ಎಂದು ಬರೆದಿರುತ್ತಾರೆ. ಹಗುರ ಇದೆ ಅಂತ ನೆಲದ ಮೇಲೆ ಸೌದೆ ಕೊಯ್ಯಲು ಇದನ್ನು ತಗೊಳ್ಳಬೇಡಿ. ನೆಲದ ಕೆಲಸಕ್ಕೆ ಹಿಂದೆ ಹಿಡಿ ಇರುವ 35-40 ಸಿಸಿ ಮೆಷಿನ್, 14 ಅಥವಾ 16 ಇಂಚು ಬಾರ್ ಸರಿಹೋಗುತ್ತದೆ.

ಈಗ ಮೆಷಿನ್‌ಗಳ ಹೋಲಿಕೆ

ಕೆಳಗೆ ಕೊಟ್ಟಿರುವ ತೂಕ ಬಾರ್, ಚೈನ್, ಪೆಟ್ರೋಲ್, ಆಯಿಲ್ ಇಲ್ಲದ ಖಾಲಿ ಮೆಷಿನ್‌ನದ್ದು. ಜಾಹೀರಾತಿನಲ್ಲೂ ಸಾಮಾನ್ಯವಾಗಿ ಹೀಗೇ ಕೊಡುತ್ತಾರೆ. ಎಲ್ಲಾ ಸೇರಿದರೆ ಸುಮಾರು ಒಂದು ಕೆಜಿ ಹೆಚ್ಚಾಗುತ್ತದೆ ಅಂತ ಲೆಕ್ಕ ಹಾಕಿ.

1. 25 ಸಿಸಿ ಆಸುಪಾಸಿನವು: ಸ್ಟಿಲ್ ಎಂಎಸ್ 151 ಟಿಸಿ-ಇ 23.6 ಸಿಸಿ, 1.1 ಕಿಲೋವ್ಯಾಟ್, 2.6 ಕೆಜಿ. ಎಕೋ ಸಿಎಸ್-2511 ಟಿಇಎಸ್ 25 ಸಿಸಿ, 2.3 ಕೆಜಿ. ಕೈ ದಪ್ಪದಿಂದ ತೊಡೆ ದಪ್ಪದವರೆಗಿನ ಕೊಂಬೆಗೆ ಇವು ಸಾಕು. ಹಾಲುವಾಣದಂಥ ಮೆತ್ತನೆ ಮರಕ್ಕೆ ಧಾರಾಳ. ದಿನವಿಡೀ ಮರದ ಮೇಲಿರುವವರಿಗೆ ಕೈ ಸೋಲುವುದು ಕಡಿಮೆ.

2. 30-35 ಸಿಸಿ: ಸ್ಟಿಲ್ ಎಂಎಸ್ 194 ಟಿ 31.8 ಸಿಸಿ, 1.4 ಕಿಲೋವ್ಯಾಟ್, 3.3 ಕೆಜಿ. ಹಸ್ಕ್ವರ್ನಾ ಟಿ435 35.2 ಸಿಸಿ, 1.5 ಕಿಲೋವ್ಯಾಟ್, 3.4 ಕೆಜಿ. ಸಿಲ್ವರ್ ಓಕ್ ತಲೆ ಇಳಿಸೋದು, ಹಲಸು, ಮಾವಿನ ದೊಡ್ಡ ಕೊಂಬೆ ತೆಗೆಯೋದು ಇಂಥ ಮಿಶ್ರ ಕೆಲಸಕ್ಕೆ ಹೊಂದುತ್ತವೆ.

3. ವೃತ್ತಿಪರರದ್ದು: ಸ್ಟಿಲ್ ಎಂಎಸ್ 201 ಟಿಸಿ-ಎಂ 35.2 ಸಿಸಿ, 1.8 ಕಿಲೋವ್ಯಾಟ್, 3.7 ಕೆಜಿ. ಹಸ್ಕ್ವರ್ನಾ ಟಿ540 ಎಕ್ಸ್‌ಪಿ 37.7 ಸಿಸಿ, 1.8 ಕಿಲೋವ್ಯಾಟ್, 3.9 ಕೆಜಿ. ಎರಡರಲ್ಲೂ ಕಾರ್ಬ್ಯುರೇಟರ್ ತಾನೇ ಹೊಂದಿಸಿಕೊಳ್ಳುತ್ತದೆ. ಟಿ435 ಮತ್ತು ಎಂಎಸ್ 201 ಎರಡೂ 35.2 ಸಿಸಿ, ಆದರೂ ಶಕ್ತಿ 1.5 ಮತ್ತು 1.8. ಸಿಸಿ ಒಂದನ್ನೇ ನೋಡಿ ತೀರ್ಮಾನ ಮಾಡಬಾರದು ಅನ್ನೋದು ಇದಕ್ಕೇ. ಮರ ಕೊಯ್ಯುವುದೇ ಕಸುಬು ಅನ್ನುವವರಿಗೆ ಈ ಖರ್ಚು ಹುಟ್ಟುತ್ತದೆ. ವರ್ಷಕ್ಕೆ ಹತ್ತು ದಿನ ಬಳಸುವವರಿಗೆ ಹುಟ್ಟುವುದಿಲ್ಲ.

4. ಬ್ಯಾಟರಿಯವು: ಸ್ಟಿಲ್ ಎಂಎಸ್ಎ 161 ಟಿ ಬ್ಯಾಟರಿ ಬಿಟ್ಟು 2.1 ಕೆಜಿ, ಹಸ್ಕ್ವರ್ನಾ ಟಿ535ಐ ಎಕ್ಸ್‌ಪಿ ಬ್ಯಾಟರಿ ಬಿಟ್ಟು 2.4 ಕೆಜಿ. ಮರದ ಮೇಲೆ ಹಗ್ಗ ಎಳೆದು ಸ್ಟಾರ್ಟ್ ಮಾಡುವ ಕಷ್ಟ ಇಲ್ಲ. ಬೆರಳು ಬಿಟ್ಟರೆ ಚೈನ್ ನಿಲ್ಲುತ್ತದೆ. ಸದ್ದು ಕಡಿಮೆ ಇರುವುದರಿಂದ ಕೆಳಗಿನವರು ಕೂಗಿದ್ದು ಕೇಳಿಸುತ್ತದೆ, ಇದು ದೊಡ್ಡ ಲಾಭ. ಆದರೆ ಒಂದು ಬ್ಯಾಟರಿಯಲ್ಲಿ ದಿನ ಕಳೆಯೋದಿಲ್ಲ, ಎರಡಾದರೂ ಬೇಕು. ಮಳೆಗಾಲದಲ್ಲಿ ನಿಮ್ಮೂರಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಅಂತ ನಿಮಗೇ ಗೊತ್ತು.

ಇನ್ನು ಆನ್‌ಲೈನ್‌ನಲ್ಲಿ ಬೇರೆ ಬೇರೆ ಹೆಸರಲ್ಲಿ ಸಿಗುವ 25.4 ಸಿಸಿ ಅಗ್ಗದ ಮೆಷಿನ್‌ಗಳು. ಹೆಸರು ಹತ್ತು, ನೋಡಲು ಎಲ್ಲವೂ ಒಂದೇ. ಕೊಯ್ಯುವುದಿಲ್ಲ ಅಂತಲ್ಲ. ಚೈನ್ ಬ್ರೇಕ್ ನಂಬಿಕೆಗೆ ಬರುತ್ತದಾ, ಬಿಡಿಭಾಗ ಸಿಗುತ್ತದಾ, ರಿಪೇರಿ ಯಾರು ಮಾಡುತ್ತಾರೆ, ಈ ಮೂರಕ್ಕೂ ಉತ್ತರ ಸಿಗದಿದ್ದರೆ ಅದನ್ನು ಹಿಡಿದು ಮರ ಹತ್ತಬೇಡಿ.

ಅಂಗಡಿಯಲ್ಲಿ ಇಷ್ಟು ನೋಡಿ

ಹೆಸರು ಯಾವುದೇ ಇರಲಿ, ದುಡ್ಡು ಕೊಡುವ ಮೊದಲು ಈ ಐದು ಪರೀಕ್ಷೆ ಮಾಡಿಸಿ.

• ಚೈನ್ ಬ್ರೇಕ್: ಮೆಷಿನ್ ಆಫ್ ಇರುವಾಗ ಮುಂದಿನ ಗಾರ್ಡನ್ನು ಮುಂದಕ್ಕೆ ತಳ್ಳಿ. 'ಟಕ್' ಅಂತ ಕೂರಬೇಕು, ಗ್ಲೌಸ್ ಹಾಕಿ ಚೈನ್ ಎಳೆದರೆ ಅಲ್ಲಾಡಬಾರದು.

• ಐಡಲ್: ಸ್ಟಾರ್ಟ್ ಮಾಡಿಸಿ, ಬ್ರೇಕ್ ತೆಗೆಸಿ, ಎಕ್ಸಲರೇಟರ್ ಮುಟ್ಟದೆ ಬಿಡಿ. ಚೈನ್ ಒಂದಿಷ್ಟೂ ತಿರುಗಬಾರದು. ತಿರುಗಿದರೆ ಐಡಲ್ ಸರಿ ಮಾಡಿಸದೆ ತಗೊಳ್ಳಬೇಡಿ.

• ಬಿಸಿ ಸ್ಟಾರ್ಟ್: ತಣ್ಣಗಿರುವಾಗ ಎಲ್ಲಾ ಮೆಷಿನ್ ಸ್ಟಾರ್ಟ್ ಆಗುತ್ತದೆ. ಹತ್ತು ನಿಮಿಷ ಓಡಿಸಿ, ಆಫ್ ಮಾಡಿ, ಐದು ನಿಮಿಷ ಬಿಟ್ಟು ಮತ್ತೆ ಎಳೆಯಿರಿ. ಮರದ ಮೇಲೆ ಪದೇ ಪದೇ ಬರುವುದು ಇದೇ ಪರಿಸ್ಥಿತಿ.

• ತೂಕ: ಬಾರ್, ಚೈನ್, ಪೆಟ್ರೋಲ್, ಆಯಿಲ್ ಎಲ್ಲಾ ತುಂಬಿಸಿ ತಕ್ಕಡಿಗೆ ಇಡಿ. ಅದೇ ನಿಜವಾದ ತೂಕ. ಸೊಂಟಕ್ಕೆ ತೂಗುಹಾಕಲು ಹಿಂದೆ ಬಳೆ ಇದೆಯಾ ಅಂತಲೂ ನೋಡಿ.

• ಚೈನ್ ಮತ್ತು ಅರ: ಬಾರ್ ಮೇಲೆ ಪಿಚ್, ಗೇಜ್, ಲಿಂಕ್‌ಗಳ ಲೆಕ್ಕ ಬರೆದಿರುತ್ತದೆ. ಅದರ ಫೋಟೋ ತೆಗೆದು ಮೊಬೈಲ್‌ನಲ್ಲಿ ಇಟ್ಟುಕೊಳ್ಳಿ, ಹೊಸ ಚೈನ್ ತರುವಾಗ ಬೇಕು. 3/8 ಲೋ ಪ್ರೊಫೈಲ್ ಚೈನ್‌ಗೆ ಸಾಮಾನ್ಯವಾಗಿ 4 ಮಿಮೀ ದುಂಡು ಅರ ಬೇಕಾಗುತ್ತದೆ. ಮೊಂಡಾದ ಚೈನ್ ಇದ್ದರೆ ಒತ್ತಿ ಕೊಯ್ಯಬೇಕಾಗುತ್ತದೆ, ಮರದ ಮೇಲೆ ಒತ್ತಲು ಹೋದರೆ ತೋಲ ತಪ್ಪುತ್ತದೆ.

ಬಾರ್ ವಿಷಯದಲ್ಲಿ ಆಸೆ ಬೇಡ. 10 ಅಥವಾ 12 ಇಂಚು ಸಾಕು. ಉದ್ದ ಹೆಚ್ಚಿದಷ್ಟೂ ತುದಿ ಎಲ್ಲಿದೆ ಅನ್ನೋದು ಕಾಣದೆ ಹೋಗುತ್ತದೆ.

ಪೆಟ್ರೋಲ್ ಬಗ್ಗೆ ಎರಡು ಮಾತು

ಒಳ್ಳೆಯ ಟು-ಸ್ಟ್ರೋಕ್ ಆಯಿಲ್ ಹಾಕಿ 50:1 ಅಂದರೆ ಲೀಟರಿಗೆ 20 ಮಿಲಿ. 25:1 ಅಂದರೆ 40 ಮಿಲಿ. ನಿಮ್ಮ ಮೆಷಿನ್‌ಗೆ ಯಾವುದು ಅಂತ ಮ್ಯಾನುಯಲ್ ನೋಡಿ. ಈಗ ಬಂಕಿನ ಪೆಟ್ರೋಲಿನಲ್ಲಿ 20% ವರೆಗೆ ಎಥನಾಲ್ ಇರುತ್ತದೆ. ಎಥನಾಲ್ ತೇವ ಹೀರುತ್ತದೆ. ನಿಮ್ಮ ಮೆಷಿನ್ ಎಷ್ಟು ಎಥನಾಲ್ ತಡೆಯುತ್ತದೆ ಅಂತ ಡೀಲರನ್ನು ಮೊದಲೇ ಕೇಳಿ. ಒಂದು ವಾರಕ್ಕೆ ಬೇಕಾದಷ್ಟೇ ಬೆರೆಸಿ. ಸೀಸನ್ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಎತ್ತಿಡಿ. ಮುಂದಿನ ವರ್ಷ ಸ್ಟಾರ್ಟ್ ಆಗದ ಮೆಷಿನ್‌ಗಳಲ್ಲಿ ಬಹಳಷ್ಟು ಕೆಡುವುದು ಹಳೆ ಪೆಟ್ರೋಲ್‌ನಿಂದ.

ಮರ ಹತ್ತುವುದೇ ಆದರೆ

ಏಣಿಯ ಮೇಲೆ ನಿಂತು ಚೈನ್‌ಸಾ ಓಡಿಸುವುದು ಬೇಡವೇ ಬೇಡ. ಕೊಂಬೆ ಬೀಳುವಾಗ ಏಣಿಯನ್ನೇ ಹೊಡೆದುಕೊಂಡು ಹೋಗುತ್ತದೆ. ಹಾರ್ನೆಸ್ ಇರಬೇಕು, ಕೊಯ್ಯುವ ಹೊತ್ತಿನಲ್ಲಿ ಎರಡು ಕಡೆ ಕಟ್ಟಿಕೊಂಡಿರಬೇಕು: ಒಂದು ಮೇಲಿನ ಗಟ್ಟಿ ಕವಲಿನಿಂದ ಬಂದ ಹಗ್ಗ, ಇನ್ನೊಂದು ಕಾಂಡದ ಸುತ್ತ ಹಾಕಿದ, ಒಳಗೆ ಉಕ್ಕಿನ ತಂತಿ ಇರುವ ಹಗ್ಗ. ಬರೀ ಹಗ್ಗಕ್ಕೆ ಚೈನ್ ತಾಗಿದರೆ ಕ್ಷಣದಲ್ಲಿ ತುಂಡಾಗುತ್ತದೆ. ಹೆಲ್ಮೆಟ್, ಕಣ್ಣಿಗೆ-ಕಿವಿಗೆ ರಕ್ಷಣೆ, ಚೈನ್ ತಡೆಯುವ ಪ್ಯಾಂಟ್ ಇವೂ ಮೆಷಿನ್ ಬೆಲೆಯ ಜೊತೆ ಸೇರಬೇಕಾದ ಲೆಕ್ಕ.

ಮೆಷಿನ್ ನೆಲದಲ್ಲೇ ಬಿಸಿ ಮಾಡಿ, ಆಫ್ ಮಾಡಿ, ಬ್ರೇಕ್ ಹಾಕಿ, ಹಗ್ಗದಲ್ಲಿ ಮೇಲೆ ಕಳಿಸಿ. ಜಾಗ ಬದಲಿಸುವಾಗಲೆಲ್ಲ ಬ್ರೇಕ್ ಹಾಕಿ. ಎರಡೂ ಕೈ ಹಿಡಿಯಲೇ ಬೇಕು. ಕೆಳಗೆ ಒಬ್ಬರಾದರೂ ಇರಬೇಕು, ಕೊಂಬೆ ಬೀಳುವ ಜಾಗದಿಂದ ದೂರ.

ತೋಟದ ಮೇಲೆ ಕರೆಂಟ್ ಲೈನ್ ಹೋಗಿದ್ದರೆ ಅದರ ಹತ್ತಿರದ ಮರಕ್ಕೆ ಹತ್ತಬೇಡಿ. 1912ಕ್ಕೆ ಫೋನ್ ಮಾಡಿ ಅಥವಾ ಲೈನ್‌ಮನ್‌ಗೆ ಹೇಳಿ, ಲೈನ್ ಆಫ್ ಆಗಿದೆ ಅಂತ ಅವರೇ ಬಂದು ಖಚಿತಪಡಿಸಿದ ಮೇಲೆ ಕೆಲಸ. ಹಸಿ ಕೊಂಬೆ, ಅಲ್ಯೂಮಿನಿಯಂ ಏಣಿ ಎರಡರಲ್ಲೂ ಕರೆಂಟ್ ಹರಿಯುತ್ತದೆ. ಮರಗಸಿ ಸಮಯದಲ್ಲಿ, ಮೆಣಸು ಕೊಯ್ಯುವ ಸಮಯದಲ್ಲಿ ಇಂಥ ಸಾವಿನ ಸುದ್ದಿ ನಾವು ಓದುತ್ತಲೇ ಇದ್ದೇವೆ.

ಹಾಗಾದರೆ ನಿಮಗೆ ಯಾವುದು?

ನೆಲದ ಮೇಲೆ ಮಾತ್ರ ಕೆಲಸವೇ? ಹಿಂದೆ ಹಿಡಿ ಇರುವುದು ತಗೊಳ್ಳಿ. ಮಣಿಕಟ್ಟು ದಪ್ಪದ ಕೊಂಬೆಗಳೇ ಹೆಚ್ಚಾ? ಬಾಗಿದ ಹಲ್ಲಿನ ಕೈಗರಗಸ ಅಥವಾ ನೆಲದಲ್ಲೇ ನಿಂತು ಕೊಯ್ಯುವ ಉದ್ದ ಕೋಲಿನ ಗರಗಸ ಸಾಕು. ಹಗ್ಗದ ಕೆಲಸ ಕಲಿತಿದ್ದೀರಾ, ಸೀಸನ್ ಪೂರ್ತಿ ಮರದ ಮೇಲಿರುತ್ತೀರಾ? ಹತ್ತಿರದಲ್ಲಿ ಸರ್ವಿಸ್ ಇರುವ ಕಂಪನಿಯ 25ರಿಂದ 35 ಸಿಸಿ ಟಾಪ್ ಹ್ಯಾಂಡಲ್ ತಗೊಳ್ಳಿ.

ವರ್ಷಕ್ಕೆ ನಾಲ್ಕಾರು ದೊಡ್ಡ ಮರ ಇಳಿಸೋದಷ್ಟೇ ಇದ್ದರೆ ಅಕ್ಕಪಕ್ಕದ ಐದಾರು ತೋಟದವರು ಸೇರಿ ಕಲಿತ ತಂಡವನ್ನು ಒಂದು ವಾರಕ್ಕೆ ಗೊತ್ತು ಮಾಡಿ. ಮೆಷಿನ್ ಬೆಲೆ, ಹಾರ್ನೆಸ್ ಬೆಲೆ, ರಿಪೇರಿ ಖರ್ಚು ಕೂಡಿಸಿ ನೋಡಿದರೆ ಇದೇ ಅಗ್ಗ. ಹುಡುಗರಲ್ಲಿ ಒಬ್ಬರಿಗೆ ನಿಜವಾಗಿ ಆಸಕ್ತಿ ಇದ್ದರೆ ಅದೇ ತಂಡದ ಜೊತೆ ಒಂದು ಸೀಸನ್ ಕೆಳಗೆ ಹಗ್ಗ ಹಿಡಿಯಲು ಕಳಿಸಿ. ಕೆಳಗಿನ ಕೆಲಸ ಕಲಿತ ಮೇಲೆ ಮೇಲೆ ಹತ್ತಲಿ, ಮೆಷಿನ್ ಖರೀದಿ ಅದರ ನಂತರ ಇರಲಿ.