ಮಾದರಿ ವಿಮಾನ: 25 ಕೆಜಿಯ ಗೆರೆ ಏಕೆ?

ರೇಡಿಯೊ ನಿಯಂತ್ರಿತ ಮಾದರಿ ವಿಮಾನವನ್ನು ಬರೀ ಆಟಿಕೆಯೆಂದು ಓದಿಕೊಂಡವರು ಪರೀಕ್ಷೆಯಲ್ಲಿ ಎಡವುತ್ತಾರೆ. 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳು ಇದನ್ನು ಹೆಸರಿಟ್ಟೇ ಗುರುತಿಸುತ್ತವೆ: ಒಟ್ಟು ತೂಕ 25 ಕೆಜಿ ಮೀರಬಾರದು, ಬಳಕೆ ಶಿಕ್ಷಣ, ಸಂಶೋಧನೆ, ವಿನ್ಯಾಸ, ಪರೀಕ್ಷೆ ಇಲ್ಲವೇ ಮನರಂಜನೆಗೆ ಮಾತ್ರ, ಹಾರಾಟ ಕಣ್ಣಳತೆಯೊಳಗೆ. ತೂಕವನ್ನೇ ಅಳತೆಗೋಲಾಗಿಸಿದ್ದು ಸರಿಯೆಂಬುದು ನನ್ನ ವಾದ. ಸೆಕೆಂಡಿಗೆ 30 ಮೀಟರ್ ವೇಗದಲ್ಲಿರುವ 25 ಕೆಜಿ ವಿಮಾನದ ಚಲನಶಕ್ತಿ 11,250 ಜೂಲ್. 15 ಮೀಟರ್ ವೇಗದ 2 ಕೆಜಿಯದು 225. ಐವತ್ತು ಪಟ್ಟು! ರೇಡಿಯೊ ಸಂಪರ್ಕ ಕಡಿದಾಗ ಎಂಜಿನ್ ತಗ್ಗಿಸುವ ಫೇಲ್‌ಸೇಫ್ ಇದ್ದರೂ ಅಷ್ಟು ಭಾರ ಎಲ್ಲೋ ಬೀಳಲೇಬೇಕು.

ಬಯಲಲ್ಲಿ ಹಾರಿಸುವ ಹವ್ಯಾಸಿಗೆ ಇಷ್ಟು ಕಟ್ಟುಪಾಡೇಕೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ಮಾದರಿ ವಿಮಾನಕ್ಕೆ ಟೈಪ್ ಸರ್ಟಿಫಿಕೇಟ್ (ವಿನ್ಯಾಸದ ಪ್ರಮಾಣಪತ್ರ) ಬೇಡವೆಂದು ನಿಯಮವೇ ಹೇಳುತ್ತದೆ. ಆದರೆ ವಾಯುಪ್ರದೇಶದ ನಿರ್ಬಂಧ ಅದಕ್ಕೂ ಅನ್ವಯ, ಏಕೆಂದರೆ ಮೇಲೆ ಪ್ರಯಾಣಿಕರ ವಿಮಾನಗಳಿವೆ. ನಿಯಮಗಳು ವಾಯುಪ್ರದೇಶವನ್ನು ಹಸಿರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿವೆ. ಹಸಿರು ವಲಯದಲ್ಲಿ 400 ಅಡಿಯವರೆಗೆ ಅನುಮತಿ ಬೇಕಿಲ್ಲ. ವಿಮಾನ ನಿಲ್ದಾಣದ ಗಡಿಯಿಂದ 8–12 ಕಿಮೀ ನಡುವೆ ಆ ಮಿತಿ 200 ಅಡಿ. ಹಳದಿ ವಲಯಕ್ಕೆ ವಾಯು ಸಂಚಾರ ನಿಯಂತ್ರಣದ, ಕೆಂಪಿಗೆ ಕೇಂದ್ರ ಸರ್ಕಾರದ ಅನುಮತಿ. ಇನ್ನೊಂದು ಗೊಂದಲ, 25 ಕೆಜಿ ದಾಟಿದ್ದೆಲ್ಲ ‘ದೊಡ್ಡ’ ಡ್ರೋನ್ ಎಂಬುದು. ತೂಕದ ವರ್ಗಗಳಲ್ಲಿ 25 ಕೆಜಿ ‘ಸಣ್ಣ’ ವರ್ಗದ ಗರಿಷ್ಠ, ‘ದೊಡ್ಡ’ ವರ್ಗ ಶುರುವಾಗುವುದು 150 ಕೆಜಿ ದಾಟಿದ ಮೇಲೆ.